ಉಚಿತ ತಟ್ಟೆ, ಉಚಿತ ಡಬ್ಬಿ ಮತ್ತು ನಮ್ಮತ್ತೆಯ ಕಾಜಾ

ಆಕಾಶದಿಂದ ಚಿತ್ರ ಇಳಿಸುವ ಡಿಶ್ ಕಂಪನಿಯ ವ್ಯವಸ್ಥಾಪಕರಿಗೂ, ಕಂಬದಿಂದ ಕಂಬಕ್ಕೆ ಚಿತ್ರ ಹರಿಸುವ ಕೇಬಲ್ ಕಂಪನಿಯ ವ್ಯವಸ್ಥಾಪಕರಿಗೂ, ಇದೇ ಬೀದಿಯ ಟೈಲರ್ ಕತ್ತರಿ ಬದಿಗಿಟ್ಟು, ಎದ್ದು ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ಇಬ್ಬರಿಗೂ ಒಂದೇ ಪತ್ರ ಬರೆಯುತ್ತಿರುವುದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಬೇರೆ ಬೇರೆ ಬರೆಯೋಣವೆಂದು ಕೂತೆ. ಆದರೆ ತಮ್ಮ ಕರಪತ್ರಗಳಲ್ಲಿ ಯಾವುದು ಯಾರದ್ದೆಂದೇ ತಿಳಿಯಲಿಲ್ಲ. ಎರಡರಲ್ಲೂ 'ಉಪಕರಣ ಸಂಪೂರ್ಣ ಉಚಿತ' ಎಂಬುದು ದಪ್ಪಕ್ಷರದಲ್ಲಿದೆ, ಉಳಿದದ್ದೆಲ್ಲ ಸೂಜಿಯ ಕಣ್ಣಿಗಿಂತ ಸಣ್ಣ ಅಕ್ಷರದಲ್ಲಿದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ನಮ್ಮತ್ತೆ ಇದ್ದಾರೆ. ನಾನು ಹೊಲಿದದ್ದಕ್ಕೆಲ್ಲ ಗುಂಡಿ ತೂರುವ ಕಾಜಾ ಹಾಕುವವರು ಅವರೇ. ಹನ್ನೊಂದು ವರ್ಷಗಳಿಂದ ಸಂಜೆ ಏಳರ ಧಾರಾವಾಹಿ ನೋಡುತ್ತಲೇ ಹಾಕುತ್ತಾರೆ. ನಾಯಕಿ ಅತ್ತರೆ ಕಾಜಾ ಬಿಗಿ, ನಕ್ಕರೆ ಸಡಿಲ, ಗಿರಾಕಿಗಳೂ ಹೊಂದಿಕೊಂಡಿದ್ದಾರೆ. ನಮಗೆ ಸಂಪರ್ಕ ಕೊಟ್ಟಿದ್ದ ಹಳೆಯ ಕೇಬಲ್‌ನವರು ಕಳೆದ ವಾರ ವ್ಯಾಪಾರ ಮುಚ್ಚಿದರು. ಅಂದಿನಿಂದ ಟಿವಿ ಕಪ್ಪಾಗಿದೆ, ಅತ್ತೆಯ ಸೂಜಿ ನಿಂತಿದೆ, ಮೂವತ್ತೆರಡು ಶರ್ಟುಗಳು ಎದೆ ತೆರೆದುಕೊಂಡು ನೇತಾಡುತ್ತಿವೆ. ಬರುವ ಶುಕ್ರವಾರ ಧಾರಾವಾಹಿಯ ಕೊನೆಯ ಕಂತು. "ನನಗೇನೂ ಬೇಡ ಬಿಡೀಪ್ಪಾ, ನೀವು ತಲೆ ಕೆಡಿಸ್ಕೋಬೇಡಿ" ಎನ್ನುತ್ತಾರೆ. ಏಳಕ್ಕೆ ಸರಿಯಾಗಿ ಕಪ್ಪು ಪರದೆಯ ಮುಂದೆ ಬಂದು ಕೂರುತ್ತಾರೆ. ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆದ್ದರಿಂದ ತಮ್ಮಿಬ್ಬರ ಉಪಕರಣಗಳ ಖರ್ಚನ್ನು ಹೋಲಿಸಲು ಕುಳಿತೆ. ನನಗೆ ತಿಳಿದ ಲೆಕ್ಕ ಶರ್ಟಿನ ಮಜೂರಿಯದ್ದು, ಅದರಲ್ಲೇ ಅರಿಕೆ ಮಾಡುತ್ತೇನೆ. ಡಿಶ್ ಕಂಪನಿಯ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು: ತಟ್ಟೆ ಉಚಿತ. ಅದು ಗಾಳಿಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ಕಂಬಿಗೆ ಎರಡು ಶರ್ಟು, ಕಂಬಿ ಹಿಡಿಯುವ ಬೋಲ್ಟುಗಳಿಗೆ ಒಂದು, ಟಿವಿಗೆ ಜೋಡಿಸುವ ಡಬ್ಬಿಯನ್ನು ಚಾಲೂ ಮಾಡಲು ಮೂರು, ಮಾಳಿಗೆ ಹತ್ತುವ ತಂತ್ರಜ್ಞರಿಗೆ ಒಂದು ಪ್ಯಾಂಟು. ಅವರು ಇಳಿಯುವುದು ಉಚಿತವೆಂದು ತಿಳಿದಾಗ ನನ್ನ ಕಣ್ಣು ತುಂಬಿ ಬಂತು. ಕೇಬಲ್ ಕಂಪನಿಯವರು ಡಬ್ಬಿಯನ್ನೇ ಉಚಿತವಾಗಿ ಕೊಡುತ್ತಾರೆ, ಆದರೆ ಅದು ನನ್ನದಲ್ಲ, ಹಾಗಾಗಿ ಠೇವಣಿ ಐದು ಶರ್ಟು. ರಿಮೋಟಿಗೆ ಒಂದು, ವೈರಿಗೆ ಒಂದೂವರೆ. ಕೂಡಿ ಕಳೆದು ನೋಡಿದರೆ ತಮ್ಮ ಎರಡು ಉಚಿತಗಳ ನಡುವಿನ ವ್ಯತ್ಯಾಸ ಒಂದು ಜೇಬಿನಷ್ಟು.

ವೈರಿನ ಬಗ್ಗೆ ಒಂದು ಮಾತು. ಕೇಬಲ್ ಕಂಪನಿಯ ಹುಡುಗರು ನಲವತ್ತು ಮೀಟರ್ ಎಂದು ಬರೆದುಕೊಂಡು ಹೋದರು. ಎದುರಿನ ಕಂಬದಿಂದ ನಮ್ಮ ಟಿವಿಯವರೆಗೆ ನನ್ನ ಟೇಪು ಹಿಡಿದರೆ ಮೂವತ್ತೊಂದು. ನಾನೂ ಅಳತೆಯಿಂದಲೇ ಹೊಟ್ಟೆ ಹೊರೆಯುವವನು, ಮಿಕ್ಕ ಬಟ್ಟೆಯನ್ನು ಗಿರಾಕಿಗೆ ಮಡಚಿ ಕೊಡುತ್ತೇನೆ. ಮಿಕ್ಕ ಒಂಬತ್ತು ಮೀಟರ್ ವೈರನ್ನು ಹಾಗೆಯೇ ಮಡಚಿ ಕೊಡಬೇಕಾಗಿ ವಿನಂತಿ. ಅದು ಕಷ್ಟವಾದರೆ ರಸ್ತೆಗೇ ಒಂಬತ್ತು ಮೀಟರ್ ತುಂಡು ಸೇರಿಸಿ ಅಗಲ ಮಾಡಿಸಿ. ಹೊಲಿಗೆ ನಾನು ಹಾಕಿಕೊಡುತ್ತೇನೆ. ಡಿಶ್‌ನವರ ತಂತ್ರಜ್ಞರು ಪಕ್ಕದ ಕಟ್ಟಡದ ನೀರಿನ ಟ್ಯಾಂಕು ಅಡ್ಡ ಬರುತ್ತದೆಂದೂ, ಕಂಬಿ ಎತ್ತರಿಸಲು ಇನ್ನೆರಡು ಶರ್ಟು ಬೇಕೆಂದೂ ಹೇಳಿದ್ದಾರೆ. ಅಷ್ಟು ತೊಂದರೆ ಏಕೆ? ದಯವಿಟ್ಟು ತಮ್ಮ ಉಪಗ್ರಹವನ್ನೇ ಬಲಕ್ಕೆ ಒಂದು ಗೇಣು ಸರಿಸಿ.

ತಮ್ಮಲ್ಲಿ ಯಾರೇ ಆಗಲಿ, ಶುಕ್ರವಾರ ಸಂಜೆ ಏಳರೊಳಗೆ ನಿಜವಾದ ಬೆಲೆಯನ್ನು ದಪ್ಪಕ್ಷರದಲ್ಲಿ ಬರೆದುಕೊಂಡು ಬಂದರೆ, ಮರುಮಾತಿಲ್ಲದೆ ಕೊಟ್ಟು ಸಂಪರ್ಕ ಪಡೆಯುತ್ತೇನೆ.

ತಮ್ಮ ವಿಶ್ವಾಸಿ,
ಮೂವತ್ತೆರಡು ತೆರೆದೆದೆಗಳ ನಡುವೆ ಕುಳಿತ ಟೈಲರ್

ತಾ.ಕ.: ಶನಿವಾರದ ವರ್ತಕರ ಸಮಾರಂಭಕ್ಕೆಂದು ಡಿಶ್ ಕಂಪನಿಯ ಮಾನ್ಯರು ಹೊಲಿಯಲು ಕೊಟ್ಟ ಕೋಟು, ಕೇಬಲ್ ಕಂಪನಿಯ ಮಾನ್ಯರು ಕೊಟ್ಟ ಪ್ಯಾಂಟು ಎರಡೂ ಬಹುತೇಕ ಸಿದ್ಧವಾಗಿವೆ. ತಮ್ಮನ್ನು ನೋಡಿ ಕಲಿತದ್ದರಿಂದ ಎರಡೂ ಸಂಪೂರ್ಣ ಉಚಿತ. ಕೋಟಿನ ತೋಳುಗಳಿಗೆ ಮಾತ್ರ ಠೇವಣಿ ಇದೆ. ಪ್ಯಾಂಟಿನ ಎಡಗಾಲು ಚಾಲೂ ಆಗಿದೆ, ಬಲಗಾಲಿಗೆ ಮೀಟರಿನ ಲೆಕ್ಕ. ಕಾಜಾ ಮಾತ್ರ ಹಣಕ್ಕೆ ಸಿಗುವುದಿಲ್ಲ. ಅತ್ತೆ ಶುಕ್ರವಾರ ಏಳಕ್ಕೆ ಸೂಜಿಗೆ ದಾರ ಪೋಣಿಸಿಕೊಂಡು ಟಿವಿಯ ಮುಂದೆ ಕೂತಿರುತ್ತಾರೆ. ಆಗಲೂ ಪರದೆ ಕಪ್ಪಾಗಿದ್ದರೆ, ಶನಿವಾರ ವೇದಿಕೆ ಹತ್ತುವಾಗ ಒಬ್ಬರು ಕೋಟನ್ನು, ಇನ್ನೊಬ್ಬರು ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡೇ ಹತ್ತಬೇಕಾಗುತ್ತದೆ.