ರೈನ್ ಚೆಕ್ ಉಪಸಮಿತಿಯ ತೀರ್ಮಾನ

ಸ್ಯಾನ್ ಡಿಯಾಗೋದ ‘ಕಡಲತೀರ ಕನ್ನಡ ಬಳಗ’ದ ಸದಸ್ಯರು ಯಾರ ಊಟದ ಕರೆಯನ್ನೂ ಎಂದೂ ನಿರಾಕರಿಸಿದವರಲ್ಲ. ಅವರು ರೈನ್ ಚೆಕ್ ತೆಗೆದುಕೊಳ್ಳುತ್ತಾರೆ.

ಧಾರವಾಡದ ಕಡೆಯಿಂದ ಬಂದು ಸೊರೆಂಟೊ ವ್ಯಾಲಿಯ ಚಿಪ್ ಕಂಪನಿ ಸೇರಿದ್ದ ಅಪ್ಪಾಸಾಹೇಬರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಹೊಸ ಮನೆಯಲ್ಲಿ ನಾಲ್ಕು ಜನ ಹೊರಗಿನವರು ಉಂಡೆದ್ದರೇನೇ ಅದು ಮನೆ ಎಂಬುದು ಅವರ ನಂಬಿಕೆ. ಶನಿವಾರಕ್ಕೆ ಬಳಗದವರನ್ನೆಲ್ಲ ಕರೆದರು. ಎಲ್ಲರೂ ನಗುನಗುತ್ತಾ ರೈನ್ ಚೆಕ್ ಎಂದರು. ಇಷ್ಟು ಖುಷಿಯಿಂದ ಹೇಳಿದವರು ಬಂದೇ ಬರುತ್ತಾರೆಂದು ಹೆಂಡತಿ ಶಿವಕ್ಕ ರಾಶಿ ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು. ಯಾರೂ ಬರಲಿಲ್ಲ. ಅಪ್ಪಾಸಾಹೇಬರಿಗೆ ಬಹಳ ಬೇಜಾರಾಯಿತು.

ಬಳಗದ ಅಧ್ಯಕ್ಷ ಕೇಶವಮೂರ್ತಿಯವರಿಗೆ ಫೋನ್ ಮಾಡಿ, ರೈನ್ ಚೆಕ್ ಅಂದರೇನೆಂದು ಕೇಳಿದರು.

“ಅದು ಬೇಸ್‌ಬಾಲ್ ಮಾತು ಸರ್. ಮಳೆ ಬಂದು ಆಟ ನಿಂತ್ರೆ, ಅದೇ ಟಿಕೆಟ್ಟಿಗೆ ಇನ್ನೊಂದು ದಿನ ಒಳಗೆ ಬಿಡ್ತಾರೆ. ಹಾಗೇ, ಈಗ ಆಗಲ್ಲ, ಇನ್ನೊಂದ್ಸಲ ಬರ್ತೀವಿ ಅಂತ.”

“ಮಳೀನ ಬಂದಿಲ್ಲಲ್ರೀ?”

“ಮಳೆ ಕಡ್ಡಾಯ ಅಲ್ಲ ಸರ್.”

“ಇರ್ಲಿ. ಇನ್ನೊಂದ್ಸಲ ಅಂದ್ರ ಯಾವಾಗ್ರಿ?”

ಬಳಗದ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆದ ಕಾರಣ ಬಳಗದ ಕಾರ್ಯದರ್ಶಿ ದ್ರಾಕ್ಷಾಯಣಿಯವರ ನೇತೃತ್ವದಲ್ಲಿ ಉಪಸಮಿತಿ ರಚಿಸಲಾಯಿತು. ಅದು ಜೂಮ್‌ನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಗಂಭೀರವಾಗಿ ಚರ್ಚಿಸಿ, ಪ್ರಕಟಣೆ ಹೊರಡಿಸಿತು:

“ರೈನ್ ಚೆಕ್‌ಗೆ ತಾರೀಖು ಕೇಳುವುದನ್ನು ಸೌಹಾರ್ದಕ್ಕೆ ಧಕ್ಕೆಯೆಂದು ಪರಿಗಣಿಸತಕ್ಕದ್ದು. ರೈನ್ ಚೆಕ್ ಪಡೆದ ಅತಿಥಿಯು ಊಟ ಮಾಡಿರುವುದಾಗಿಯೇ ಭಾವಿಸತಕ್ಕದ್ದು. ಉಳಿದ ಅಡುಗೆಗೆ ಬಳಗವು ಜವಾಬ್ದಾರಿಯಲ್ಲ.”

ಅಪ್ಪಾಸಾಹೇಬರು ಹಟ ಬಿಡಲಿಲ್ಲ. ಯುಗಾದಿಗೆ ಕರೆದರು, ಪಂಚಮಿಗೆ ಕರೆದರು, ಲಾಸ್ ಏಂಜಲೀಸ್ ಪಕ್ಕದ ಎಲ್ ಸೆಗುಂಡೋದವರನ್ನೂ ಬಿಡದೆ ಕರೆದರು. ಎಲ್ಲರೂ ರೈನ್ ಚೆಕ್ ತೆಗೆದುಕೊಂಡರು. ನಿಯಮದಂತೆ ನೋಡಿದರೆ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಅವರಷ್ಟು ಜನಕ್ಕೆ ಉಣಬಡಿಸಿದವರು ಬೇರೆ ಇರಲಿಲ್ಲ. ರಾಜ್ಯೋತ್ಸವದಂದು ಪೇಟ ತೊಡಿಸಿ, ಶಾಲು ಹೊದಿಸಿ, ‘ಆತಿಥ್ಯ ರತ್ನ’ ಬಿರುದು ಕೊಟ್ಟರು.

“ಇವರ ಮನೆ ರೊಟ್ಟಿ ರುಚಿ ನಾವ್ಯಾರೂ ಮರೆಯೋ ಹಾಗಿಲ್ಲ” ಎಂದು ದ್ರಾಕ್ಷಾಯಣಿ ಭಾಷಣ ಮಾಡಿದರು. ಮುಂದಿನ ಸಾಲಿನಲ್ಲಿದ್ದ ಶಿವಕ್ಕನಿಗೆ ಅಳು ಬಂತು. ಅದು ಆನಂದಬಾಷ್ಪವೆಂದು ಬಳಗದ ಪತ್ರಿಕೆ ವರದಿ ಮಾಡಿತು.

ವೇದಿಕೆ ಇಳಿಯುವಾಗ ಕೇಶವಮೂರ್ತಿ, “ಭಾನುವಾರ ನಮ್ಮನೇಗೆ ಊಟಕ್ಕೆ ಬಂದ್ಬಿಡಿ ಸರ್” ಎಂದರು.

“ರೈನ್ ಚೆಕ್ ತಗೋತೀವ್ರಿ” ಎಂದರು ಅಪ್ಪಾಸಾಹೇಬರು. ಕೇಶವಮೂರ್ತಿಯವರ ಮುಖ ಅರಳಿತು.

ಕಾರಿನಲ್ಲಿ ಶಿವಕ್ಕ ಸಿಡುಕಿದಳು. “ಹೋಗಬೇಕಿತ್ರೀ. ಒಬ್ಬರರ ಕರದಿದ್ರು.”

“ಹೋದ್ರ ಪಾಪ, ಅವರು ಏನ್ ಉಣಸ್ತಾರ?”

ಶಿವಕ್ಕನಿಗೂ ಅದು ಹೌದೆನಿಸಿತು. ಸಂಕ್ರಾಂತಿಗೆ ಅವಳೇ ಮುಂದಾಗಿ ಬಳಗದವರನ್ನೆಲ್ಲ ಊಟಕ್ಕೆ ಕರೆದಳು. ಒಲೆ ಹಚ್ಚಲಿಲ್ಲ.