ಸೋನುಬಾಯಿಯವರ ತಂಪು ಪಡಸಾಲೆಯಲ್ಲಿ ಮಧ್ಯಾಹ್ನದ ಪರಿಶೀಲನೆ

ತಂಪು ಮನೆಗಳ ಪರಿಶೀಲನಾ ವಿಭಾಗ
ಹುಮನಾಬಾದ ಶಾಖೆ (ಬೇಸಿಗೆ ಶಿಬಿರ: ದುಬಲಗುಂಡಿ)

ಸಂಖ್ಯೆ: ತಂಮಪ/ಹುಮ/ಪಡಸಾಲೆ/43 ಡಿಗ್ರಿ

ವಿಷಯ: ಇಂಧನ ಮಿತವ್ಯಯದ ಮನೆಯಲ್ಲಿ ಸಿಬ್ಬಂದಿ ಮಲಗಬೇಕಾದ ಕ್ರಮದ ಕುರಿತು.

ಉಲ್ಲೇಖ: 1. ಮನೆಯೊಡತಿ ಶ್ರೀಮತಿ ಸೋನುಬಾಯಿಯವರ ಮೌಖಿಕ ದೂರು.
2. ಅದೇ ದೂರು, ಏರಿದ ದನಿಯಲ್ಲಿ.

ದುಬಲಗುಂಡಿಯ ಸೋನುಬಾಯಿಯವರ ಮಾಳಿಗೆ ಮನೆಯು ಎರಡು ಮೊಳ ದಪ್ಪದ ಮಣ್ಣಿನ ಗೋಡೆಗಳಿಂದಾಗಿ ಫ್ಯಾನು, ಕೂಲರುಗಳ ಹಂಗಿಲ್ಲದೆ ತಂಪಾಗಿರುವುದನ್ನು ಪರಿಶೀಲಿಸಿ ಐದು ನಕ್ಷತ್ರ ನೀಡಲಾಗಿದೆ. ಸದರಿ ಪರಿಶೀಲನೆಯು ಹದಿನೆಂಟು ದಿನಗಳಿಂದ, ಪ್ರತಿದಿನ ಊಟದ ನಂತರ, ಮುಂದುವರಿದಿದೆ. ಈ ನಡುವೆ ಮನೆಯೊಡತಿಯು "ಮನಿ ನಂದದ್ರಿ ಸಾಹೇಬ್ರ, ನಾ ಎಲ್ಲಿ ಅಡ್ಡಾಗ್ಲಿ?" ಎಂದು ಕೇಳಿರುತ್ತಾರೆ. ಪ್ರಶ್ನೆಯು ನ್ಯಾಯವಾದದ್ದೇ. ಉತ್ತರ ಸಿಗುವವರೆಗೆ ಈ ಕೆಳಗಿನಂತೆ ನಡೆದುಕೊಳ್ಳಲು ಸಿಬ್ಬಂದಿಗೆ ಸೂಚಿಸಲಾಗಿದೆ:

1. ಗೋಡೆಗೆ ಬೆನ್ನು ತಾಗಿಸಿ ಮಲಗುವ ಹಕ್ಕು ಸೇವಾ ಹಿರಿತನದ ಮೇಲೆ. ಕಿರಿಯ ಸಹಾಯಕರು ಹೊಸ್ತಿಲ ಬಳಿ, ಒಂದು ಕಾಲು ಬಿಸಿಲಿನಲ್ಲಿಟ್ಟು ಮಲಗತಕ್ಕದ್ದು.

2. ಸಾಮೂಹಿಕ ಗೊರಕೆಯಿಂದ ಪಡಸಾಲೆಯ ಉಷ್ಣಾಂಶ ಏರುತ್ತಿರುವುದು ಕಂಡುಬಂದಿರುವುದರಿಂದ, ಗೊರಕೆಯನ್ನು ಸರದಿಯಂತೆ ಹೊಡೆಯತಕ್ಕದ್ದು.

3. ಸೋನುಬಾಯಿಯವರ ಕೌದಿಯನ್ನು ಮಡಚಿ ತಲೆದಿಂಬು ಮಾಡಿಕೊಂಡವರು ಅದನ್ನು ಅಳತೆಯ ಉಪಕರಣವೆಂದು ದಾಖಲಿಸತಕ್ಕದ್ದು.

4. ಮನೆಯೊಡತಿಗೂ ಮಲಗಲು ಅವಕಾಶವಿದೆ. ಮನೆ ತನ್ನದೆಂಬ ಪುರಾವೆಯೊಂದಿಗೆ ಬಸವಕಲ್ಯಾಣದ ಮೇಲಧಿಕಾರಿಗಳಿಗೆ ಅರ್ಜಿ ಸಲ್ಲಿಸತಕ್ಕದ್ದು. ಸದರಿ ಅಧಿಕಾರಿಗಳು ಸೋಮವಾರದಿಂದ ಇದೇ ಪಡಸಾಲೆಯಲ್ಲಿ ಮಲಗಿರುವುದರಿಂದ, ಅವರನ್ನು ಎಬ್ಬಿಸದೆ ಅರ್ಜಿಯನ್ನು ಎದೆಯ ಮೇಲೆ ಇಟ್ಟುಹೋಗತಕ್ಕದ್ದು.

5. ಅರ್ಜಿ ಬರೆಯುವ ಬದಲು ಆಕೆಯು ನಿನ್ನೆ ಚಾಪೆ ಎತ್ತಿಕೊಂಡು ಹಿತ್ತಲಿನ ಬೇವಿನ ಮರದ ಕೆಳಗೆ ಹೋಗಿ ಮಲಗಿರುತ್ತಾರೆ. ಹೋಗುವಾಗ "ಮಲಕೋರಿ, ಮಲಕೋರಿ. ನಿಮ್ಮ ಅವ್ವನ ಮನಿ ಅಂತ ತಿಳ್ಕೋರಿ" ಎಂದಿದ್ದು, ಇದನ್ನು ಲಿಖಿತ ಅನುಮತಿ ಎಂದು ಪರಿಗಣಿಸಲಾಗಿದೆ.

ಸಹಿ/-
ತುಳಜಾರಾಮ, ಅಧೀಕ್ಷಕರು
(ಶಾಖಾಧಿಕಾರಿಗಳು ಗೊರಕೆಯ ಸರದಿಯಲ್ಲಿರುವುದರಿಂದ ಅವರ ಪರವಾಗಿ)

ಪ್ರತಿಗಳು:

1. ಬಸವಕಲ್ಯಾಣದ ಮೇಲಧಿಕಾರಿಗಳಿಗೆ, ಎದೆಯ ಮೇಲೆ.

2. ಜೀಪು ಚಾಲಕ ಅಮೀರ ಇವರಿಗೆ, ಬರುವಾಗ ಎರಡು ದಿಂಬು ತರಲು.

3. ಶ್ರೀಮತಿ ಸೋನುಬಾಯಿ, ಬೇವಿನ ಮರದ ಕೆಳಗೆ, ದುಬಲಗುಂಡಿ ಇವರಿಗೆ. ಮರದಡಿ ಪಡಸಾಲೆಗಿಂತ ಚೆನ್ನಾಗಿ ಗಾಳಿ ಬರುತ್ತಿರುವುದು ತಿಳಿದುಬಂದಿದ್ದು, ನಾಳೆ ಊಟದ ನಂತರ ಸದರಿ ಮರವನ್ನು ಪರಿಶೀಲಿಸಲಾಗುವುದು. ಚಾಪೆ ಅಲ್ಲಿಯೇ ಇರಲಿ.