ಜಾತಕ ನೋಡುವ ಸರ್ವರ್

ದೊಡ್ಡಬಳ್ಳಾಪುರದ ಚಿನ್ನಸ್ವಾಮಿಯವರ ವಧೂವರರ ಕೇಂದ್ರದ ವೆಬ್‌ಸೈಟಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಹುಡುಗ, ಹುಡುಗಿಯ ರಾಶಿ, ನಕ್ಷತ್ರ ತುಂಬಿ ‘ಜಾತಕ ನೋಡಿ’ ಎಂದು ಒತ್ತಿದರೆ ಒಮ್ಮೊಮ್ಮೆ ತಟ್ಟನೆ ಉತ್ತರ ಬರುತ್ತಿತ್ತು. ಒಮ್ಮೊಮ್ಮೆ ಪರದೆಯ ಮೇಲಿನ ಚಕ್ರ ಗಾಣದೆತ್ತಿನಂತೆ ಸುತ್ತಿದ್ದೇ ಸುತ್ತಿದ್ದು. ಯಾವಾಗ ಬೇಗ, ಯಾವಾಗ ತಡ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಸರ್ವರ್ ನೋಡಿಕೊಳ್ಳುವ ಭಾನುಪ್ರಕಾಶನಿಗಂತೂ ಗೊತ್ತೇ ಇರಲಿಲ್ಲ.

ಬೇರೆ ದಿನವಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅಂದು ಮಧ್ಯಾಹ್ನ ಸೂಲಿಬೆಲೆಯಿಂದ ಆಂಜಿನಪ್ಪ, ಮುತ್ಯಾಲಮ್ಮ ದಂಪತಿ ಬರುವವರಿದ್ದರು. ಅವರ ಮಗಳು ರಂಜಿತಳನ್ನು ಭಾನು ನೋಡಿ ಬಂದಿದ್ದ. ಇಬ್ಬರಿಗೂ ಒಪ್ಪಿಗೆಯಾಗಿತ್ತು. ಉಳಿದದ್ದು ಜಾತಕವೊಂದೇ. “ನಿನ್ನ ಆಫೀಸಲ್ಲೇ ನೋಡ್ಸೋಣ ಬಿಡಪ್ಪಾ” ಎಂದಿದ್ದರು ಭಾವೀ ಮಾವ. ಅವರ ಮುಂದೆಯೇ ಚಕ್ರ ಸುತ್ತತೊಡಗಿದರೆ ಅಳಿಯನಾಗುವವನ ಮಾನ ಏನಾಗಬೇಕು?

ಬೆಳಿಗ್ಗೆಯೇ ಅವನು ಸರ್ವರ್ ಮುಂದೆ ಕುಳಿತ.

“ಆಫ್ ಮಾಡಿ ಆನ್ ಮಾಡೋ” ಎಂದರು ಚಿನ್ನಸ್ವಾಮಿ.

“ಮಾಡ್ದೆ ಸಾರ್.”

“ಇನ್ನೊಂದ್ಸಲ ಮಾಡು. ನಮ್ಮ ಬೋರ್ ಮೋಟ್ರು ಹಂಗೇ ಸರಿಹೋಗೋದು.”

ಆಫೀಸಿನ ಫೋನ್ ಎತ್ತುವ ಶಶಿರೇಖಾ, “ದೃಷ್ಟಿ ಆಗಿದೆ ಕಣೋ” ಎಂದು ಸರ್ವರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಚಕ್ರ ಸುತ್ತಿತು. “ಹಂಗಾದ್ರೆ ಪಕ್ಕದ ಮಗ್ಗಗಳೇ ಕರೆಂಟು ಎಳೀತಿರೋದು” ಎಂದಳು.

ಭಾನು ಪಕ್ಕದ ಬೈರೇಶನ ಮಗ್ಗದ ಮನೆಗೆ ಓಡಿದ. ಕಾಡಿಬೇಡಿ ಮಗ್ಗ ನಿಲ್ಲಿಸಿಸಿ ವಾಪಸ್ ಬಂದ. ಗುಂಡಿ ಒತ್ತಿದರೆ ಉತ್ತರ ತಟ್ಟನೆ ಬಂತು!

“ಸಿಕ್ತು! ಈಗ ಹಾಕಿ ಬೈರೇಶಣ್ಣಾ!”

ಮಗ್ಗ ಶುರುವಾಯಿತು. ಆಗಲೂ ತಟ್ಟನೆ ಬಂತು. ಮತ್ತೆ ನಿಲ್ಲಿಸಿದರೆ ಚಕ್ರ ಸುತ್ತಿತು.

ಬೈರೇಶ ಲುಂಗಿ ಎತ್ತಿ ಕಟ್ಟಿಕೊಂಡು ಬಂದ. “ಲೇ, ನಾನೇನು ಸೀರೆ ನೇಯ್ಲಾ, ನಿನ್ ಕಂಪ್ಯೂಟ್ರಿಗೆ ಜೋಗುಳ ಹಾಡ್ಲಾ?”

ಕೊನೆಗೆ ಭಾನು ಎಲ್ಲರಿಗೂ ಕೈಮುಗಿದು ಹೊರಗೆ ಕಳಿಸಿ, ಜಾತಕ ನೋಡುವ ಪ್ರೋಗ್ರಾಮಿನ ಪ್ರತಿ ಹೆಜ್ಜೆಗೂ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯಲು ಕುಳಿತ. ಕಳ್ಳ ಸಿಕ್ಕಿದ. ಪಂಚಾಂಗದ ಲೆಕ್ಕಕ್ಕಾಗಿ ಅದು ಹೊರಗಿನ ಎರಡು ಕಂಪ್ಯೂಟರುಗಳಲ್ಲಿ ಮನಸ್ಸಿಗೆ ಬಂದ ಒಂದನ್ನು ಕೇಳುತ್ತಿತ್ತು. ಅವುಗಳಲ್ಲೊಂದು ಎಂದೋ ಮುಚ್ಚಿಹೋಗಿತ್ತು. ಆ ಕಡೆ ಹೋದಾಗಲೆಲ್ಲ, ಬೀಗ ಹಾಕಿದ ಮನೆಯ ಬಾಗಿಲು ತಟ್ಟುವ ನೆಂಟನಂತೆ ತಟ್ಟಿ ತಟ್ಟಿ ಸಾಕಾಗಿ ಇನ್ನೊಂದರ ಹತ್ತಿರ ಬರುತ್ತಿತ್ತು. ಭಾನು ಮುಚ್ಚಿದ ಮನೆಯ ವಿಳಾಸವನ್ನೇ ಅಳಿಸಿದ. ಆಮೇಲೆ ಎಷ್ಟು ಸಲ ಒತ್ತಿದರೂ ಉತ್ತರ ಬಾಣದಂತೆ ಬಂತು. ಕುಣಿಯುವುದೊಂದು ಬಾಕಿ.

ಆಂಜಿನಪ್ಪ ದಂಪತಿ ಬಂದು ಕುಳಿತರು. ಭಾನು ತನ್ನದೂ ರಂಜಿತಳದೂ ವಿವರ ತುಂಬಿ ಠೀವಿಯಿಂದ ಒತ್ತಿದ. ಬೆರಳು ಎತ್ತುವ ಮೊದಲೇ ‘ಅತ್ಯುತ್ತಮ’ ಎಂದು ಬಂತು.

ಆಂಜಿನಪ್ಪನವರ ಮುಖ ಗಂಟಾಯಿತು. “ಇದೇನಪ್ಪಾ, ನೋಡ್ಲೇ ಇಲ್ವಲ್ಲ ಅದು?”

“ನೋಡ್ತು ಮಾವ. ಈಗ ಫಾಸ್ಟ್ ಮಾಡಿದ್ದೀನಿ.”

“ಏನ್ ಫಾಸ್ಟು? ನಮ್ ದೊಡ್ಡವಳದ್ದು ಇಲ್ಲೇ ನೋಡ್ಸಿದ್ದು. ಅರ್ಧ ಲೋಟ ಕಾಫಿ ಕುಡಿಯೋವರೆಗೂ ಲೆಕ್ಕ ಹಾಕ್ತು. ಇವತ್ತಿಗೂ ಸುಖವಾಗವ್ಳೆ.”

ಮುತ್ಯಾಲಮ್ಮ ಮೆಲ್ಲಗೆ, “ಹುಡುಗನೇ ಮಿಷಿನ್ನು ನೋಡ್ಕೊಳ್ಳೋನು. ಮೊದಲೇ ಬರೆದಿಟ್ಟವ್ನೇನೋ” ಎಂದರು.

ಚಿನ್ನಸ್ವಾಮಿ ನೆಂಟರನ್ನು ಕಾಫಿಗೆಂದು ಒಳಕೋಣೆಗೆ ಕರೆದೊಯ್ಯುತ್ತ, ಭಾನುವಿನ ಕಿವಿಯಲ್ಲಿ, “ಅಯ್ಯೋ ಪುಣ್ಯಾತ್ಮ, ನಿಧಾನ ವಾಪಸ್ ಹಾಕೋ!” ಎಂದರು. ಭಾನು ಉತ್ತರ ಕೊಡುವ ಮೊದಲು ಒಂದಿಷ್ಟು ಸೆಕೆಂಡು ಕಾಯಬೇಕೆಂದು ಪ್ರೋಗ್ರಾಮಿಗೆ ಬರೆದ. ಆತುರದಲ್ಲಿ ಒಂದು ಸೊನ್ನೆ ಜಾಸ್ತಿ ಬಿತ್ತು.

ಲೋಟ ಹಿಡಿದೇ ಹೊರಬಂದ ಆಂಜಿನಪ್ಪ, “ಈ ಸಲ ನೀನು ಮುಟ್ಟಕೂಡ್ದು, ದೂರ ನಿಂತ್ಕೊ” ಎಂದರು. ಶಶಿರೇಖಾ ಒತ್ತಿದಳು. ಚಕ್ರ ಸುತ್ತತೊಡಗಿತು.

“ಹಾಂ, ಇದು ನೋಡು ಲೆಕ್ಕ ಅಂದ್ರೆ!”

ಅರ್ಧ ಲೋಟವಾಯಿತು. ಪೂರ್ತಿ ಲೋಟವಾಯಿತು. ಪೇಪರು ಮುಗಿಯಿತು. ಚಕ್ರ ಸುತ್ತುತ್ತಲೇ ಇತ್ತು. ಭಾನು ಗೋಡೆಗೊರಗಿ ಬೆವರುತ್ತಿದ್ದ.

ಮುತ್ಯಾಲಮ್ಮ ಸೆರಗು ಸರಿಮಾಡಿಕೊಂಡು ಎದ್ದರು. “ನಡೀರಿ. ಇಷ್ಟು ಯೋಚ್ನೆ ಮಾಡ್ತಿದೆ ಅಂದ್ರೆ ಏನೋ ದೊಡ್ಡ ದೋಷವೇ ಇರ್ಬೇಕು. ಬಾಯಿಬಿಟ್ಟು ಹೇಳೋಕೆ ಅದಕ್ಕೂ ಸಂಕೋಚ.”

ಭಾನು ಬೇಡಿಕೊಂಡ, ವಿವರಿಸಿದ, ಹಿಂದೆಯೇ ಓಡಿದ. ಬಸ್ಸು ಹೊರಟೇಹೋಯಿತು. ಒಳಗಿಂದ ಶಶಿರೇಖಾ ಕೂಗಿದಳು: “ಭಾನು, ಬಂತು ಕಣೋ! ಅತ್ಯುತ್ತಮ!”

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ರಂಜಿತ.

“ಏನ್ರೀ, ಅಪ್ಪ ಹೇಳ್ತಿದ್ರು, ನಿಮ್ ಜಾತಕ ಕಂಡು ಕಂಪ್ಯೂಟ್ರಿಗೇ ಬಾಯಿ ಕಟ್ಟೋಯ್ತಂತೆ? ಹೌದಾ?”